ವಿಚಾರಿಸಲು ಬಂದ ‘ಬೀಗರು’

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ ಅರ್ಧ ಸಿಕ್ಕಿತು ಅನ್ನಬೇಕು. ಪೊಲೀಸರು ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ನನ್ನ ನಡತೆ ವಿಚಾರಿಸಿ ‘ಸರಿ’ ಎಂದು ಬರೆದ ಮೇಲೆಯೇ ಗೇಟಿನೊಳಗೆ ಪ್ರವೇಶ.

ನನ್ನ ಚರಿತ್ರೆಯೋ, ಹೊರಗೆ ತೋರಿಸುವಂಥದ್ದಲ್ಲ. ರೇಷ್ಮೆ ನೂಲು ತೆಗೆಯುತ್ತೇನೆಂದು ಸಾಲ ಮಾಡಿ ಚರಕ ಹಾಕಿಸಿ, ಗೂಡಿನ ರೇಟು ಏರಿದಾಗ ಕೊಂಡು, ನೂಲಿನ ರೇಟು ಇಳಿದಾಗ ಮಾರಿ, ಕೈ ಸುಟ್ಟುಕೊಂಡಿದ್ದೆ. ಸಾಲ ಕೊಟ್ಟವನು ಗೂಡಿನ ಮಾರುಕಟ್ಟೆಯಲ್ಲಿ ಎಲ್ಲರೆದುರು ಬೈದಾಗ ಅವನ ಕಾಲರ್ ಹಿಡಿದು, ಒಂದು ಸಂಜೆ ಠಾಣೆಯ ಬೆಂಚಿನ ಮೇಲೂ ಕೂತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ. ಆಮೇಲೆ ಕಂತು ಕಂತಾಗಿ ಸಾಲ ತೀರಿಸಿದೆನೆನ್ನಿ. “ಸಾಲ ಆಗಿದ್ರೆ ಆಗ್ಲಿ, ಮುಚ್ಚಿಟ್ರೆ ಮಾತ್ರ ಕೆಲಸ ಹೋಯ್ತು ಅಂತ ತಿಳ್ಕೊ” ಎಂದು ಕಾರ್ಖಾನೆಯ ಗುಮಾಸ್ತರು ಎಚ್ಚರಿಸಿದ್ದರಿಂದ ಎಲ್ಲವನ್ನೂ ಬರೆದುಕೊಟ್ಟಿದ್ದೆ.

ಒಂದು ಸಂಜೆ ಬೀದಿಯ ತುದಿಯ ಸೈಕಲ್ ಶಾಪಿನ ಸಾಬರು ಕರೆದು ಕೈಕುಲುಕಿದರು.

“ಮಿಠಾಯಿ ಯಾವಾಗ ಬೇಟಾ? ಹುಡುಗಿ ಕಡೆಯವ್ರು ಬಂದಿದ್ರು! ಬಿಳಿ ಷರಟು, ಕೈಲಿ ಕೊಡೆ. ಹುಡುಗ ಹೆಂಗೆ, ಸಾಲ ಸೋಲ ಇದೆಯಾ, ಕುಡೀತಾನಾ, ಜಗಳ ಆಡ್ತಾನಾ ಅಂತ ಎಲ್ಲಾ ಕೇಳಿದ್ರು. ಸಾಲ ಅಂದ್ರೇನು ಅಂತಾನೇ ಅವನಿಗೆ ಗೊತ್ತಿಲ್ಲ, ಠಾಣೆ ಯಾವ ಕಡೆ ಇದೆ ಅಂತಾನೂ ಗೊತ್ತಿಲ್ಲ ಅಂದ್ಬಿಟ್ಟೆ!”

ನನಗೆ ಯಾರೂ ಹೆಣ್ಣು ನೋಡುತ್ತಿರಲಿಲ್ಲ; ಬಂದದ್ದು ಮಫ್ತಿಯಲ್ಲಿದ್ದ ಪೊಲೀಸರೇ, ಸಾಬರು ಹೇಳಿದ್ದು ನಾನು ಬರೆದುಕೊಟ್ಟದ್ದಕ್ಕೆ ತದ್ವಿರುದ್ಧ. ಹಾಲಿನವನು, ಮೇಷ್ಟ್ರು, ಎದುರುಮನೆಯವರು ಎಲ್ಲರೂ ಇದೇ ಪಾಠ ಒಪ್ಪಿಸಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಮ್ಮ ಬೀದಿ ಚಾಚೂ ತಪ್ಪದೆ ಪಾಲಿಸುತ್ತಿತ್ತು. ಮೇಷ್ಟ್ರಂತೂ ಪೆರೇಸಂದ್ರದ ಹತ್ತಿರ ನನಗೊಂದು ದ್ರಾಕ್ಷಿ ತೋಟವನ್ನೂ ದಯಪಾಲಿಸಿದ್ದರು. ಪ್ರೀತಿಯಿಂದಲೇ ನನ್ನ ಅನ್ನಕ್ಕೆ ಕಲ್ಲು ಹಾಕಿದವರನ್ನು ಬೈಯುವುದಾದರೂ ಹೇಗೆ?

ಮರುದಿನ ಠಾಣೆಗೆ ಓಡಿದೆ. ಬಿಳಿ ಷರಟಿನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀನು ಬರ್ದಿರೋದೇ ಒಂದು, ಬೀದಿಯವ್ರು ಹೇಳೋದೇ ಒಂದು. ಎಲ್ರಿಗೂ ಹೇಳ್ಕೊಟ್ಟು ಇಟ್ಟಿದೀಯ ಅಂದ್ಕೊಂಡೆ ಕಣಯ್ಯ. ಮೂಲೆಮನೆ ಅಮ್ಮ ಒಬ್ರೇ ನೀನು ಬರ್ದಿದ್ದನ್ನೇ ಹೇಳಿದ್ರು. ಸಾಲ ಮಾಡಿದ್ದು, ಕಾಲರ್ ಹಿಡಿದಿದ್ದು, ತೀರಿಸಿದ್ದು, ಎಲ್ಲಾ. ಹೋಗು, ಸರಿ ಅಂತ ಬರೀತೀನಿ.”

ಹೋದ ಜೀವ ಬಂದಂತಾಯಿತು. ಆದರೆ ಮೂಲೆಮನೆ ಅಮ್ಮ! ಸಂಬಂಧ ಮುರಿಯುವುದರಲ್ಲಿ ಎತ್ತಿದ ಕೈ ಎಂದು ಅವರಿಗೆ ಹೆಸರು. ಬೀದಿಯಲ್ಲಿ ಯಾರೂ ಅವರ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಅವತ್ತು ಮೈಸೂರುಪಾಕು ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಗಂಡನ ಮನೆ ಬಿಟ್ಟು ಬಂದಿದ್ದ ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು.

“ಬಂದಿದ್ದು ಹೆಣ್ಣು ಕೊಡೋರಲ್ಲಮ್ಮ, ಪೊಲೀಸ್ನೋರು. ನನ್ನ ಮದುವೆ ಮುರಿಯಕ್ಕೆ ಹೋಗಿ ಕೆಲಸ ಉಳಿಸಿಬಿಟ್ರಿ” ಎಂದು ನಕ್ಕೆ.

ಅವರು ನಗಲಿಲ್ಲ.

“ಮುರಿಯಕ್ಕಲ್ಲ ಕಣಪ್ಪ. ಮಾಡಿದ ಸಾಲ ತೀರಿಸಿರೋ ಹುಡುಗ, ಧೈರ್ಯವಾಗಿ ಕೊಡಿ ಅಂತಾನೂ ಹೇಳ್ದೆ. ಇವಳನ್ನ ಚಿಂತಾಮಣಿಗೆ ಕೊಡಕ್ಕೆ ಮುಂಚೆ ನಾನೂ ಹಿಂಗೇ ಆ ಬೀದೀಲಿ ಮನೆಮನೆಗೂ ಹೋಗಿ ಕೇಳಿದ್ದೆ. ಹುಡುಗನ ಸಾಲದ ವಿಷ್ಯ ಒಬ್ರೂ ಬಾಯಿ ಬಿಡಲಿಲ್ಲ.”