ಪಿರೋಶ್ಕಾಳ ಸಾಕ್ಷಿ

ತೀಸಾ ನದಿಯ ದಂಡೆಯ ನಮ್ಮ ಊರಿನಲ್ಲಿ ಸೆರೆನಾ ಗ್ರುನ್‌ಹುತ್‌ಳನ್ನು ಕೈಗವಸಿನ ಅಂಗಡಿಯ ಹುಡುಗಿ ಎನ್ನುವವರು ಅರ್ಧ ಜನ, ಕತ್ತಿವರಸೆಯ ಹುಡುಗಿ ಎನ್ನುವವರು ಅರ್ಧ ಜನ. ಹಗಲೆಲ್ಲ ತಾಯಿ ಹೆರ್ಮಿನಾಳ ಪಕ್ಕದಲ್ಲಿ ಕೂತು ಮೇಕೆಯ ಚರ್ಮ ಹೊಲಿಯುವುದು, ಸಂಜೆಯಾಯಿತೋ ಕ್ಲಬ್ಬಿಗೆ ಓಟ. ನೋಡಲು ಬಡಕಲು. ಈ ಕಡ್ಡಿ ಏನು ಮಾಡೀತು ಎಂದು ಎದುರಾಳಿ ಅಂದುಕೊಳ್ಳುವಷ್ಟರಲ್ಲಿ ಎದೆಗೆ ಮೊನೆ ತಾಗಿಸಿ ಹಿಂದೆ ಸರಿದು ನಿಂತಿರುತ್ತಿದ್ದಳು.

ಆಗ ತಾಗಿದರೆ ದೀಪ ಹೊತ್ತಿಕೊಳ್ಳುವ ಯಂತ್ರ ಎಲ್ಲಿತ್ತು? ನಾಲ್ವರು ಪಂಚರು ಕಣ್ಣಿಟ್ಟು ನೋಡಿ ಕೈಯೆತ್ತಬೇಕು. ಅವರ ಕಣ್ಣು ತಪ್ಪಿದರೆ ಏಟು ತಿಂದವರೇ "ತಾಗಿತು" ಎಂದು ಒಪ್ಪಿಕೊಳ್ಳಬೇಕು. ಬಾಯಿ ಮುಚ್ಚಿಕೊಂಡು ಗೆದ್ದವರನ್ನು ಆಮೇಲೆ ಯಾರೂ ಮಾತಾಡಿಸುತ್ತಿರಲಿಲ್ಲ. ಸೆರೆನಾಳ ಜೀವದ ಗೆಳತಿ ಪಿರೋಶ್ಕಾ ಇದರಲ್ಲಿ ಎಲ್ಲರಿಗಿಂತ ಮುಂದು. ದೇಶದ ಪಂದ್ಯದ ಕೊನೆಯ ಸುತ್ತಿನಲ್ಲಿ, ನಾಲ್ವರಲ್ಲಿ ಒಬ್ಬರೂ ಕಾಣದ ಏಟನ್ನು ತಾನಾಗಿ ಒಪ್ಪಿಕೊಂಡು ಸೋತಿದ್ದಳು. ಸೋತಿದ್ದೂ ಸೆರೆನಾಳಿಗೇ! ಇಬ್ಬರೂ ಅದೇ ವರ್ಷ ತಂಡದಲ್ಲಿ ವಿಯೆನ್ನಾಕ್ಕೆ ಹೋಗಿ ಬೆಳ್ಳಿ ಪದಕ ತಂದರು.

ಅಂಕಣದಲ್ಲಿ ನೆಟ್ಟಗಿದ್ದವರು ಬೀದಿಯಲ್ಲೂ ನೆಟ್ಟಗಿರುತ್ತಾರೆ ಎಂಬ ಹುಚ್ಚು ನಮ್ಮ ಕತ್ತಿವರಸೆಯವರಿಗೆಲ್ಲ ಇತ್ತು. ಸೆರೆನಾಳಿಗಂತೂ ತಲೆಗೇರಿತ್ತು.

ನಲವತ್ತೆರಡರಲ್ಲಿ ಕ್ಲಬ್ಬು ಯೆಹೂದಿಗಳ ಹೆಸರುಗಳನ್ನೆಲ್ಲ, ಸೆರೆನಾಳದ್ದನ್ನೂ, ಪುಸ್ತಕದಿಂದ ಹೊಡೆದುಹಾಕಿತು. ವಿಯೆನ್ನಾದ ಫೋಟೋ ಗೋಡೆಯಿಂದ ಇಳಿಯಿತು. ನಲವತ್ನಾಲ್ಕರ ವಸಂತದಲ್ಲಿ ಜರ್ಮನರು ಊರಿಗೆ ಬಂದ ಮೇಲೆ ಕೇಳಬೇಕೇ? ಯೆಹೂದಿಗಳ ಕೋಟಿಗೆ ಗುರುತಿನ ಹಳದಿ ನಕ್ಷತ್ರ, ಅಂಗಡಿಗೆ ಸರ್ಕಾರದ ಮುದ್ರೆ. ಮನೆಯ ಬೆಳ್ಳಿ ಬಂಗಾರವನ್ನೆಲ್ಲ ಒಪ್ಪಿಸಬೇಕಾಯಿತು, ಪದಕವನ್ನೂ. ರಸೀದಿಯಲ್ಲಿ ಅವರು ಬರೆದುಕೊಟ್ಟದ್ದು "ಬೆಳ್ಳಿ ಬಿಲ್ಲೆ, ಒಂದು" ಎಂದು ಮಾತ್ರ.

ಮೇ ತಿಂಗಳಲ್ಲಿ, ಯೆಹೂದಿಗಳೆಲ್ಲರನ್ನೂ ಇಟ್ಟಿಗೆ ಕಾರ್ಖಾನೆಗೆ ಒಯ್ದು ಅಲ್ಲಿಂದ ರೈಲಿಗೆ ತುಂಬುತ್ತಾರೆಂಬ ಸುದ್ದಿ ಹಬ್ಬಿತು. ಜೊತೆಗೇ ಇನ್ನೊಂದು ಸುದ್ದಿ. ದೇಶಕ್ಕೆ ಪದಕ ತಂದವರನ್ನೂ ಅವರ ಹೆತ್ತವರನ್ನೂ ಬಿಟ್ಟುಬಿಡುತ್ತಾರೆ, ಆದರೆ ತಂಡದವರೊಬ್ಬರು ಕಚೇರಿಗೆ ಬಂದು ಸಾಕ್ಷಿ ಹೇಳಬೇಕು. ಸೆರೆನಾ ಪಿರೋಶ್ಕಾಳಿಗೆ ಹೇಳಿಕಳಿಸಿದಳು. "ಗುರುವಾರ ಬರ್ತೀನಿ" ಎಂದು ಉತ್ತರವೂ ಬಂತು.

ಬುಧವಾರ ವಠಾರದ ಕಾವಲಿನ ರೋಜಾಲಿಯಾ ಎರಡು ಗುರುತಿನ ಕಾಗದ ತಂದಳು. ಸತ್ತುಹೋದ ಕ್ರೈಸ್ತ ತಾಯಿ, ಮಗಳ ಹೆಸರಿನವು.

"ತಗೊಳ್ಳೇ, ಸಂಜೆ ಗಾಡಿಗೆ ಅಮ್ಮನ್ನ ಕರ್ಕೊಂಡು ಹೊರಟುಹೋಗು."

"ಸತ್ತೋರ ಹೆಸರು ನಮಗ್ಯಾಕೆ ರೋಜಾಲಿಯಾ ಅತ್ತೆ? ಪಿರೋಶ್ಕಾ ನಾಳೆ ಬಂದು ನಿಜ ಹೇಳ್ತಾಳೆ."

"ಹೇಳದೆ ಹೋದ್ರೆ?"

"ಅವಳಾ? ಅವಳ ಬಾಯಲ್ಲಿ ಸುಳ್ಳು ಹುಟ್ಟಲ್ಲ."

"ನಿನ್ನ ತಲೆಗಿಷ್ಟು ಬೆಂಕಿ ಹಾಕ! ಕೇಳೋರು ಇನ್ನೂ ಇದಾರೆ, ಅವರಿಗೇ ಕೊಡ್ತೀನಿ" ಎಂದು ಮುದುಕಿ ಕಾಗದ ಮಡಚಿಕೊಂಡು ಹೋದಳು.

ಗುರುವಾರ ಪಿರೋಶ್ಕಾ ಕಚೇರಿಗೆ ಬಂದಳು. ಹೊಸ ಟೋಪಿ, ಇಸ್ತ್ರಿಯ ರವಿಕೆ. ಸೆರೆನಾಳ ಕಡೆ ನೋಡಲಿಲ್ಲ. ಅಂಜಿರಬೇಕು ಪಾಪ ಎಂದುಕೊಂಡಳು ಸೆರೆನಾ. ಗುಮಾಸ್ತ ಲೇಖನಿ ಅದ್ದಿಕೊಂಡು ಕೇಳಿದ.

"ಈ ಹೆಂಗಸು ನಿಮ್ಮ ಜೊತೆ ವಿಯೆನ್ನಾದಲ್ಲಿ ಆಡಿದ್ಲಾ?"

"ಕ್ಲಬ್ಬಿಗೆ ಬರ್ತಿದ್ಲು ಸ್ವಾಮಿ. ಹರಿದ ಕೈಗವಸು ಹೊಲಿದು ಕೊಡ್ತಿದ್ಲು. ತಂಡದಲ್ಲಿ ಇರಲಿಲ್ಲ."

ಸೆರೆನಾ ಗೆಳತಿಯ ಕಡೆ ತಿರುಗಿದಳು. "ಪಿರಿ!" ಎಂದಳು, ಅಷ್ಟೇ. ಗುಮಾಸ್ತ ಅರ್ಜಿಯ ಮೇಲೆ ಉದ್ದಕ್ಕೆ ಗೀಟು ಎಳೆದ.

ಕಚೇರಿಯ ಮೆಟ್ಟಿಲ ಮೇಲೆ ಸೆರೆನಾ ಗೆಳತಿಯ ತೋಳು ಹಿಡಿದು ನಿಲ್ಲಿಸಿದಳು. "ಯಾಕೇ? ನಾನು ನಿನಗೇನು ಮಾಡಿದ್ದೆ?"

"ಕೈ ಬಿಡೇ, ಜನ ನೋಡ್ತಾರೆ. ನಿಮ್ಮ ಅಂಗಡೀನ ಸರ್ಕಾರ ನಮ್ಮ ಮನೆಯೋರ ಹೆಸರಿಗೆ ಮಾಡಿದೆ. ನೀವು ಇಲ್ಲೇ ಉಳಿದ್ರೆ ಅದು ವಾಪಸ್ ಹೋಗುತ್ತಂತೆ." ಆಮೇಲೆ ಸಮಾಧಾನ ಹೇಳುವವಳಂತೆ, "ಕೆಲಸಕ್ಕೆ ತಾನೇ ಕರ್ಕೊಂಡು ಹೋಗೋದು? ಯುದ್ಧ ಮುಗಿದ ಮೇಲೆ ಬರ್ತೀರಲ್ಲ" ಎಂದಳು.

ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಹೆರ್ಮಿನಾಳ ಅಡುಗೆಮನೆಯಲ್ಲಿ ಗಸಗಸೆಯ ಶಾವಿಗೆ ತಿಂದು ಬೆಳೆದ ಹುಡುಗಿ ಅದು! ಸೆರೆನಾ ಮನೆಯವರೆಗೂ ಹೇಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ಒಬ್ಬ ಹುಡುಗಿಯ ಮಾತನ್ನು ನಂಬಿ ತಾಯಿಯ ಜೀವವನ್ನು ಕೈಯಾರೆ ಕಳೆದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ನೇರ ರೋಜಾಲಿಯಾಳ ಬಾಗಿಲು ಬಡಿದಳು. ಕಾಗದ ಬೆಳಿಗ್ಗೆಯೇ ಬೇರೆಯವರ ಪಾಲಾಗಿತ್ತು.

ತಾಯಿ ಬಾಗಿಲಲ್ಲೇ ನಿಂತಿದ್ದಳು. "ಏನಂದ್ಲು ಪಿರೋಶ್ಕಾ?"

ಆ ಮುಖ ನೋಡಿ ಸೆರೆನಾಳಿಗೆ ನಡೆದದ್ದನ್ನು ಹೇಳಲು ಮನಸ್ಸಾಗಲಿಲ್ಲ. "ಹೇಳಿದ್ಲಮ್ಮಾ, ಎಲ್ಲಾ ನಿಜಾನೇ ಹೇಳಿದ್ಲು. ಆ ಗುಮಾಸ್ತ ಒಪ್ಪಲಿಲ್ಲ."

"ಒಪ್ಪದಿದ್ರೆ ಹೋಗ್ಲಿ. ಅವಳೊಬ್ಬಳಾದ್ರೂ ನಮ್ಮ ಪಾಲಿಗೆ ನಿಂತಳಲ್ಲ."

ಅಂದಿನಿಂದ ಹೆರ್ಮಿನಾಳಿಗೆ ಅದೇ ಜಪ. ಇಟ್ಟಿಗೆ ಕಾರ್ಖಾನೆಯ ಧೂಳಿನಲ್ಲಿ ಮಲಗಿಯೂ ಅದೇ. ಮುಚ್ಚಿದ ರೈಲು ಡಬ್ಬಿಯಲ್ಲಿ, ಕುಡಿಯಲು ಹನಿ ನೀರಿಲ್ಲದ ಮೂರು ದಿನವೂ, ಅಕ್ಕಪಕ್ಕದವರಿಗೆಲ್ಲ ಹೇಳಿದಳು, ಇಂಥ ಕಾಲದಲ್ಲೂ ನಮಗೊಬ್ಬ ಗೆಳತಿ ಇದ್ದಾಳೆ ಎಂದು. ಸೆರೆನಾಳಿಗೆ ಚೀರಬೇಕು ಎನಿಸುತ್ತಿತ್ತು. ಹಲ್ಲು ಕಚ್ಚಿ ಕೂತಳು. ಇಳಿದ ಕಡೆ ಮುದುಕಿಯರನ್ನು ಎಡಕ್ಕೆ, ಗಟ್ಟಿಮುಟ್ಟಾದವರನ್ನು ಬಲಕ್ಕೆ ನೂಕಿದರು. ಗುಂಪಿನ ನಡುವಿನಿಂದ ತಾಯಿ ಕೂಗಿ ಹೇಳಿದ್ದು ಒಂದೇ ಮಾತು: "ಊರಿಗೆ ಹೋದ್ರೆ ಪಿರೋಶ್ಕಾಗೆ ನನ್ನ ಮುತ್ತು ಕೊಡೇ!"

ಮರುವರ್ಷ ಸೆರೆನಾ ಒಬ್ಬಳೇ ಹಿಂದಿರುಗಿದಳು. ಅಂಗಡಿ ಬೀದಿಯಲ್ಲಿ ಪಿರೋಶ್ಕಾ ಎದುರಾದಳು. "ಅಯ್ಯೋ ನನ್ನ ರಾಣಿ, ಬದುಕಿದೀಯಾ!" ಎಂದು ತೋಳು ಚಾಚಿ ಓಡಿ ಬಂದಳು.

ಸೆರೆನಾ ಒಂದು ಹೆಜ್ಜೆ ಹಿಂದೆ ಸರಿದಳು.

"ಸಾಯೋಕೆ ಮುಂಚೆ ಅಮ್ಮ ನಿನಗೆ ಮುತ್ತು ಕೊಡು ಅಂದ್ಲು. ನನ್ನ ಕೈಲಿ ಆಗಲ್ಲ."