ಗಾಜಿನ ಕೋಣೆಯ ಕುರ್ಚಿ

"ಹ್ವಾಯ್, ಚಪ್ಲಿ ಹೊರ್ಗ್ ಬಿಡಿ!"

ಕುಂದಾಪುರದ ಟೈಪಿಂಗ್ ಶಾಲೆಯೊಂದಕ್ಕೆ ಕೆಲಸ ಕೇಳಿಕೊಂಡು ಹೋದ ದಿನ ನನ್ನನ್ನು ಎದುರುಗೊಂಡ ಮಾತಿದು. 'ಹ್ವಾಯ್' ಎಂದರೆ ಇಲ್ಲಿಯವರು ಯಾರನ್ನಾದರೂ ಕೂಗಿ ಕರೆಯುವ ರೀತಿ. ನನಗೆ ಗದರಿದಂತೆ ಕೇಳಿಸಿತು. ಒಳಗೆ ದೇವರ ಕೋಣೆಯಿರಬೇಕೆಂದು ಚಪ್ಪಲಿ ಕಳಚಿ ಇಣುಕಿದರೆ ಕಂಡದ್ದು ಗಾಜಿನ ಕೋಣೆ, ಪರದೆ, ತಣ್ಣನೆಯ ಗಾಳಿ. ನಡುವೆ ಒಂದು ಕಂಪ್ಯೂಟರು. ಅದರ ಹಣೆಗೆ ಕುಂಕುಮ, ನೆತ್ತಿಯ ಮೇಲೆ ಒಂದು ತುಂಡು ಮಲ್ಲಿಗೆ. ಧೂಳು ತಾಗಿದರೆ ಕೆಟ್ಟುಹೋಗುತ್ತದೆಂದು ಅಲ್ಲಿ ಎಲ್ಲರೂ ಬರಿಗಾಲಿನಲ್ಲಿ ನಡೆಯುತ್ತಿದ್ದರು.

ಗದಗಿನ ನನ್ನ ಜನರೇ, ಇದು ಮೂವತ್ತು ವರ್ಷದ ಹಿಂದಿನ ಕಥೆ. ನನ್ನ ಗಂಡನಿಗೆ ಇಲ್ಲಿಗೆ ವರ್ಗವಾಗಿತ್ತು. ಹಂಚಿನ ಮನೆಯೊಂದರ ಹಿಂಭಾಗ ಬಾಡಿಗೆಗೆ ಸಿಕ್ಕಿತ್ತು. ಮೊದಲ ದಿನ ನಾನು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಮನೆಯೊಡತಿ ಓಡಿ ಬಂದು, "ಎಂತ ಆಯ್ತ್ ಮಾರಾಯ್ತಿ?" ಎಂದು ಗಾಬರಿಯಿಂದ ಕೇಳಿದ್ದರು. ನಾನು ಕುಚ್ಚಲಕ್ಕಿ ಅನ್ನ ನುಂಗಲು ಕಲಿಯುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು.

ಟೈಪಿಂಗ್‌ನಲ್ಲಿ ಮಾತ್ರ ನಾನು ಯಾರಿಗೂ ಸೊಪ್ಪು ಹಾಕುವವಳಲ್ಲ. ಗದಗಿನಲ್ಲಿ ನನ್ನ ಬೆರಳಿನ ವೇಗ ನೋಡಲು ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಇಲ್ಲಿಯ ಮಾಷ್ಟ್ರು, ಅಂದರೆ ಶಾಲೆಯ ಯಜಮಾನರು, ನನ್ನ ಕೆಲಸ ನೋಡಿ ಅಂದೇ ಸೇರಿಸಿಕೊಂಡರು. ಆದರೆ ಕೂರಿಸಿದ್ದು ಹೊರಗಿನ ಹಳೆಯ ಟೈಪ್‌ರೈಟರಿನ ಮುಂದೆ. ಗಾಜಿನ ಕೋಣೆಯಲ್ಲಿ ಕೂರುತ್ತಿದ್ದವಳು ಜಲಜಾ.

ಅವಳು ಉಪ್ಪುಂದದವಳು, ತಂದೆ ಮೀನಿಗೆ ಹೋಗುತ್ತಿದ್ದರು. ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಟೈಪಿಂಗೋ, ಕೋಳಿ ಕಾಳು ಹೆಕ್ಕಿದ ಹಾಗೆ. ಅಂಥವಳನ್ನು ಮಾಷ್ಟ್ರು ಮಂಗಳೂರಿಗೆ ಕಳಿಸಿ ಕಂಪ್ಯೂಟರ್ ಕಲಿಸಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ? ನಾನು ಬೆವರೊರೆಸುತ್ತ ಹಾಳೆಯ ಮೇಲೆ ಹಾಳೆ ಹೊಡೆಯುವಾಗ ಅವಳು ಫ್ಯಾನೂ ಬೇಡದ ಕೋಣೆಯಲ್ಲಿ ಶಾಲು ಹೊದ್ದು ಕೂತಿರುತ್ತಿದ್ದಳು. ಸಾಲದ್ದಕ್ಕೆ ಮಾಷ್ಟ್ರು ಒಂದು ದಿನ, "ಇನ್ನ್ ಈ ಟೈಪ್‌ರೈಟರ್ ಎಷ್ಟ್ ದಿನ? ಮುಂದೆ ಒಬ್ರೇ ಸಾಕ್" ಎಂದುಬಿಟ್ಟರು. ಆ ಒಬ್ಬರು ನಾನಾಗಬೇಕಿತ್ತು.

ಜಲಜಾಗೆ ಇದೊಂದೂ ಅರ್ಥವಾದಂತಿರಲಿಲ್ಲ. ನಾನು ಮೀನು ತಿನ್ನುವುದಿಲ್ಲವೆಂದು ನೆನಪಿಟ್ಟು ಹಲಸಿನ ಹಪ್ಪಳ ತರುತ್ತಿದ್ದಳು. "ಬನ್ನಿ ಅಕ್ಕ, ಒಳ್ಗ್ ಕೂಕಣಿ, ನಾ ಕಲ್ಸಿ ಕೊಡ್ತೆ" ಎಂದು ಕರೆಯುತ್ತಿದ್ದಳು. "ನನಗ ಕೆಲಸ ಐತಿ" ಎಂದು ನಾನು ಮುಖ ತಿರುಗಿಸುತ್ತಿದ್ದೆ. ಹಪ್ಪಳ ಮಾತ್ರ ತಿನ್ನುತ್ತಿದ್ದೆ.

ಒಂದು ಮಳೆಗಾಲದ ಬೆಳಿಗ್ಗೆ ಅವಳು ಬರಲಿಲ್ಲ. ಅದೇ ಹೊತ್ತಿಗೆ ಬ್ರಹ್ಮಾವರದ ವಕೀಲರೊಬ್ಬರು ಹನ್ನೊಂದು ಪುಟದ ಕಾಗದ ಹಿಡಿದು ಬಂದರು. ಮಧ್ಯಾಹ್ನದೊಳಗೆ ಕೋರ್ಟಿಗೆ ಕೊಡಬೇಕು, ಕಂಪ್ಯೂಟರಿನಲ್ಲೇ ಆಗಬೇಕು. ಮಾಷ್ಟ್ರು ಕೈ ಹಿಸುಕಿಕೊಂಡರು. ನಾನು ಚಪ್ಪಲಿ ಕಳಚಿ ಒಳಗೆ ಹೋಗಿ ಆ ಕುರ್ಚಿಯಲ್ಲಿ ಕೂತೆ. ಕೀಲಿಗಳು ಅವೇ ತಾನೇ! ಬೆರಳುಗಳು ಹಾರಿದವು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಮೊದಲು ಗಂಟೆ ಬಡಿಯುತ್ತದೆ, ನಾವು ಹಿಡಿಕೆ ತಳ್ಳಿ ಕೆಳಗಿನ ಸಾಲಿಗೆ ಹೋಗುತ್ತೇವೆ. ಇಲ್ಲಿ ಗಂಟೆಯಿರಲಿಲ್ಲ, ನನ್ನ ತಲೆಯೊಳಗೇ ಬಡಿಯುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುತ್ತ ಹನ್ನೊಂದು ಪುಟ ಮುಗಿಸಿದೆ. ಮಾಷ್ಟ್ರು ಬೆರಗಾಗಿ ನೋಡುತ್ತಿದ್ದರು.

ಅಷ್ಟರಲ್ಲಿ ಜಲಜಾ ನೆನೆದು ತೊಪ್ಪೆಯಾಗಿ ಬಂದಳು. "ಮರವಂತೆಗ್ ರಸ್ತಿ ಮೇಲ್ ನೀರ್, ಬಸ್ ನಿಂತೇ ಹೋಯ್ತ್" ಎಂದಳು. ವಕೀಲರು ಕಡತ ಹೊಲಿಯಲು ಎಡಕ್ಕೆ ಇನ್ನಷ್ಟು ಜಾಗ ಬಿಡಿ ಎಂದರು. ಅದೊಂದು ನನಗೆ ಗೊತ್ತಿರಲಿಲ್ಲ. ಅವಳು ಬಾಗಿ ಮಾರ್ಜಿನ್ ಬದಲಿಸಿದಳು. ಹನ್ನೊಂದು ಪುಟವೂ ಚೆಲ್ಲಾಪಿಲ್ಲಿಯಾಯಿತು! ಒಂದು ಸಾಲು ಪೂರ್ತಿ, ಮುಂದಿನದರಲ್ಲಿ ಎರಡೇ ಪದ, ಮತ್ತೆ ಒಂದು ಸಾಲು ಪೂರ್ತಿ. ಕಂಪ್ಯೂಟರು ತಾನೇ ಕೆಳಗಿನ ಸಾಲಿಗೆ ಹೋಗುತ್ತದೆ, ನಾವು ಒತ್ತಬಾರದು ಎಂಬುದು ನನಗೆ ಆಮೇಲೆ ತಿಳಿಯಿತು.

"ಎಂತದಿದ್ ಜಲಜಾ?" ಮಾಷ್ಟ್ರು ಕೂಗಿದರು.

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. "ನಂದೇ ತಪ್ಪ್ ಮಾಷ್ಟ್ರೆ. ನಿನ್ನೆಯೇ ಮಾರ್ಜಿನ್ ಇಟ್ಟ್ ಹೋಯ್ಕಿತ್. ಸ್ವಲ್ಪ ಹೊತ್ತ್ ಕೊಡಿ" ಎಂದಳು.

ಒದ್ದೆ ಬಟ್ಟೆಯಲ್ಲೇ ಕೂತು, ಆ ಚಳಿಯ ಕೋಣೆಯಲ್ಲಿ ಸಾಲು ಸಾಲಾಗಿ ನನ್ನ ತಪ್ಪು ಅಳಿಸಿದಳು. ಮಾಷ್ಟ್ರು ವಕೀಲರ ಎದುರೇ ಅವಳಿಗೆ ಬೈದರು. ನಾನು ಬಾಯಿ ಬಿಡಲಿಲ್ಲ. ಕೃತಜ್ಞತೆ ಬರಬೇಕಿತ್ತು, ಬಂದದ್ದು ಇನ್ನಷ್ಟು ಹೊಟ್ಟೆಕಿಚ್ಚು. ಒಳ್ಳೆಯತನದಲ್ಲೂ ಇವಳೇ ಮೇಲಾಗಬೇಕೇ?

ಮುಂದಿನ ವಾರ ಮಾಷ್ಟ್ರು ನನ್ನನ್ನು ಒಳಗೆ ಕೂರಿಸಿದರು. ಜಲಜಾ ಹೊರಗೆ ಬಂದಳು. ಟೈಪ್‌ರೈಟರುಗಳು ಒಂದೊಂದೇ ಮೂಲೆ ಸೇರಿದವು, ಅವಳು ಮುಂಬೈಗೆ ಅಣ್ಣನ ಬಳಿ ಹೋದಳು. ಹೊರಡುವ ಮುನ್ನ ತಾನು ಬರೆದಿಟ್ಟುಕೊಂಡಿದ್ದ ಪಾಠದ ಪುಸ್ತಕ ನನಗೆ ಕೊಟ್ಟಳು. ನಾನು ಕಂಪ್ಯೂಟರ್ ಕಲಿತದ್ದು ಅದರಿಂದಲೇ.

ಆ ಕುರ್ಚಿಯಿಂದಲೇ ನಾವು ಇಲ್ಲಿ ಬೇರುಬಿಟ್ಟದ್ದು. ಈಗ ನನ್ನದೇ ಮುದ್ರಣದ ಅಂಗಡಿಯಿದೆ. ಗದಗಿಗೆ ಬಂದರೆ ನೀವು ನನ್ನ ಮಾತು ಕೇಳಿ ನಗುತ್ತೀರಿ, ಕರಾವಳಿಯವಳಾದೆ ಎನ್ನುತ್ತೀರಿ. ಇಲ್ಲಿ ನಾನು ಇಂದಿಗೂ ಘಟ್ಟದ ಮೇಲಿನವಳು.

ಮೊನ್ನೆ ಅಂಗಡಿಯ ಮೆಟ್ಟಿಲ ಬಳಿ ತಲೆ ನರೆತ ಹೆಂಗಸೊಬ್ಬಳು ಚಪ್ಪಲಿ ಕಳಚುತ್ತಿದ್ದಳು. ಈಗ ಯಾರೂ ಕಳಚುವುದಿಲ್ಲ. ಜಲಜಾ! ಹಿಂದಿ ಬೆರೆತ ಮಾತು, ಕೈಯಲ್ಲಿ ಮಗಳ ಮದುವೆಯ ಕರೆಯೋಲೆಯ ಕರಡು. ಮುದ್ರಿಸಿ ಕೊಡುವಾಗ ತಡೆಯಲಾಗದೆ ಹೇಳಿಯೇಬಿಟ್ಟೆ: "ಅವತ್ತು ನಾನು ಬಾಯಿ ಬಿಡಬೇಕಿತ್ತು ಜಲಜಾ. ನಿನ್ನ ಕುರ್ಚಿ ಕಸಿದುಕೊಂಡೆ."

"ಗೊತ್ತಿತ್ ಅಕ್ಕ" ಎಂದು ನಕ್ಕಳು. "ನೀವ್ ದೂರದಿಂದ ಬಂದೋರ್, ಆ ಕೆಲ್ಸ ಹೋದ್ರೆ ನಿಮ್ಗೆ ಇಲ್ಲಿ ಎಂತ ಉಳಿತಿತ್? ನಂಗಾರೆ ಊರ್ ಇತ್ತ್."

ತನಗೊಂದು ಊರಿದೆ ಎಂದು, ಇಷ್ಟು ವರ್ಷ ಮುಂಬೈಯಲ್ಲಿದ್ದವಳು ಅಷ್ಟು ಸಲೀಸಾಗಿ ಹೇಳಿದಳು. ಉಪ್ಪುಂದದ ಬಸ್ಸು ಬಂತು. ಚಪ್ಪಲಿ ಮೆಟ್ಟಿ, "ಹ್ವಾಯ್, ನಿಲ್ಸಿ!" ಎಂದು ಕೂಗುತ್ತ ಓಡಿದಳು, ಬಸ್ಸು ನಿಂತಿತು. ನಾನು ಕುರ್ಚಿಗೆ ಮರಳಿ ಕೂತು 'ನಂಗಾರೆ ಊರ್ ಇತ್ತ್' ಎಂಬ ಅವಳ ಮಾತನ್ನು ಬಾಯಲ್ಲಿ ಆಡಿಸಿ ನೋಡಿದೆ, ಒಮ್ಮೆ ಗದಗನ್ನು ನೆನೆದು, ಒಮ್ಮೆ ಕುಂದಾಪುರವನ್ನು. ಎರಡು ಸಲವೂ ಸುಳ್ಳು ಹೇಳಿದಂತಾಯಿತು. ಜಲಜಾಳ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.