ಶಲ್ಯದಡಿ ಕೊಟ್ಟ ಮಾತು

ಕಲಬುರಗಿಯ ಗಂಜಿನಲ್ಲಿ, ಆ ಕಾಳಿನ ಪೇಟೆಯಲ್ಲಿ, ಮೊದಲ ದಿನ ಕಂಡ ವ್ಯಾಪಾರ ಮೂಕರದ್ದೆಂದೇ ತಿಳಿದಿದ್ದೆ. ತೊಗರಿ ರಾಶಿಯ ಮುಂದೆ ಇಬ್ಬರು ಕೂತು, ಒಂದೇ ಶಲ್ಯದಡಿ ಕೈ ತೂರಿಸಿ ಬೆರಳು ಹಿಸುಕಿಕೊಂಡರು. ಒಬ್ಬ ಹುಬ್ಬು ಗಂಟಿಕ್ಕಿದ, ಇನ್ನೊಬ್ಬ ನಕ್ಕ, ಮಾಲು ಮಾರಿಹೋಗಿತ್ತು! ನಮ್ಮ ಕಮಲಾಪುರದಲ್ಲಿ ಒಂದು ಗೊನೆ ಕೆಂಪು ಬಾಳೆ ಮಾರಲು ಓಣಿಯೆಲ್ಲ ಕೇಳುವಂತೆ ಕೂಗಾಡಬೇಕು. ಇಲ್ಲಿ ದರ ಎರಡು ಕೈಗಷ್ಟೇ ಗೊತ್ತು.

ಆ ವಿದ್ಯೆ ನನಗೂ ಬೇಗ ಹತ್ತಿತು, ದಲಾಲಿಗೆ ಕೂತೆ. ಉರ್ದು ಮಾತೂ ಬಂತು, ಗಾಜಿಪುರ ಓಣಿಯಲ್ಲಿ ಬಾಡಿಗೆ ಖೋಲಿಯೂ ಸಿಕ್ಕಿತು. ರೊಟ್ಟಿ ಇಲ್ಲಿಯೂ ಜೋಳದ್ದೇ. "ಇನ್ನೊಂದು ಹಾಕ್ಕೋ" ಅನ್ನುವವರಷ್ಟೇ ಇಲ್ಲ.

ಈ ಸಲ ಪ್ಲೇಗು ಬಂದು ಸರಕಾರ ಊರು ಬಿಡಿಸಿದಾಗ ಸಂಸಾರಸ್ಥರು ತಮ್ಮ ಹೊಲಗಳಿಗೆ ಹೋದರು. ಹೊಲವಿಲ್ಲದ ನಾವು ಗಂಜಿನ ಹುಡುಗರು ಊರಾಚೆ ಗುಡಿಸಲು ಹಾಕಿಕೊಂಡೆವು. ಕಮಲಾಪುರದ ದಾರಿಗೆ ನಾಕಾ ಹಾಕಿ ಸಿಪಾಯಿಗಳನ್ನು ಕೂರಿಸಿದ್ದರು. ಜೋಳ, ಬೇಳೆ ಬರುತ್ತಿತ್ತು. ಬುದ್ಧಿ ಹೇಳುವ ಹಿರಿಯರು ಬರುತ್ತಿರಲಿಲ್ಲ.

"ನೀನೇ ನಾಯಕ ಆಗಪಾ, ನಿನ್ನ ನಾಲಿಗಿ ಚಲೋ ಅದ," ಅಂದ ಹಮಾಲ ಬಸಣ್ಣ. ಎಲ್ಲರೂ ಹೂಂ ಅಂದರು.

ಬಾವಿ ದೂರ. ದಿನಕ್ಕೊಬ್ಬ ನೀರು ತರಬೇಕೆಂದು ಪಾಳಿ ಹಚ್ಚಿದೆ. ಬೆನ್ನುನೋವೆಂದು ಬಸಣ್ಣ ಗೊಣಗಿದಾಗ ಶಲ್ಯದಡಿ ಅವನ ಒಂದು ಬೆರಳು ಮಡಚಿದೆ: ಒಂದು ಪಾಳಿ ಮಾಫ್, ಯಾರಿಗೂ ಹೇಳಬೇಡ. ಮರುದಿನ ತೂಕದ ಮಲ್ಲಣ್ಣ ಬಂದ, ಅವನ ಹಿಂದೆ ಉಳಿದವರು. ಪ್ರತಿಯೊಬ್ಬನೂ ತಾನೊಬ್ಬನೇ ಗೆದ್ದೆನೆಂದು ನಗುತ್ತಾ ಹೋದ. ಗಂಜಿನಲ್ಲಿ ಇದು ನಡೆಯುತ್ತದೆ, ಕೊಂಡವನದೊಂದು ದಾರಿ, ಮಾರಿದವನದೊಂದು. ನಾವು ಒಂದೇ ಹರವಿಯ ನೀರು ಕುಡಿಯುವವರೆಂಬುದು ನನ್ನ ಜಾಣತನಕ್ಕೆ ಹೊಳೆಯಲಿಲ್ಲ.

ಚೀಲ ಹೊಲಿಯುವ ಖಾಜಾ ಒಬ್ಬನೇ ಮಾಫಿ ಕೇಳದವನು. ಯಾರೂ ಹೋಗದ ದಿನ ಅವನೇ ಹೋಗಿ ನೀರು ತರುತ್ತಿದ್ದ. ಅವನು ಜ್ವರದಿಂದ ಮಲಗಿದ ದಿನ ಹರವಿ ಬರಿದಾಗಿತ್ತು.

"ಬಸ್ಯಾ, ಇವತ್ತ ನಿನ್ನ ಪಾಳಿ. ಏಳು," ಅಂದ ಮಲ್ಲಣ್ಣ.

"ನನಗ ಮಾಫ್ ಆಗ್ಯದ. ನೀ ಹೋಗು."

"ನನಗೂ ಆಗ್ಯದ!"

"ನಿನಗ? ನೀ ಏನ್ ನಾಯಕನ ಅಳಿಯಾ?"

ಎಲ್ಲರೂ ನನ್ನ ಮುಖ ನೋಡಿದರು. ಬಾಯಿ ಬಿಟ್ಟರೆ ಒಬ್ಬೊಬ್ಬನಿಗೆ ಕೊಟ್ಟದ್ದೂ ಬಯಲಾಗುತ್ತಿತ್ತು. ಚಲೋ ನಾಲಿಗೆಯ ನಾಯಕ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ಅವ್ವ-ಅಕ್ಕಂದಿರನ್ನು ಎಳೆದು ಬೈದರು, ಜಾತಿ ಎತ್ತಿದರು, ಒಂದೇ ಬುತ್ತಿಯಲ್ಲಿ ಉಂಡವರು ಕಟ್ಟಿಗೆ ಹಿಡಿದರು. ಹರವಿ ಒಡೆಯಿತು. ಆ ಗದ್ದಲದಲ್ಲಿ ಖಾಜಾ ಎದ್ದು ಕೊಡ ಹಿಡಿದು ಹೋದದ್ದನ್ನು ಯಾರೂ ಕಾಣಲಿಲ್ಲ. ಬಾವಿಯ ದಾರಿಯಲ್ಲಿ ಕೊಡ ಉರುಳಿದ ಸದ್ದಿಗೆ ತಿರುಗಿದೆವು.

ಬಿದ್ದಿದ್ದ ಖಾಜಾನನ್ನು ಹೊತ್ತು ತಂದೆವು. ಬಸಣ್ಣ ಓಡಿ ನೀರು ತಂದ. ಪುಣ್ಯ, ಅದು ಪ್ಲೇಗಲ್ಲ, ಬರೀ ಜ್ವರ. ಎರಡು ಗುಟುಕು ಕುಡಿದು ಖಾಜಾ ನನ್ನನ್ನೇ ನೋಡಿ ಅಂದ: "ಯಾರ ಪಾಳಿನೂ ಅಲ್ಲಂದ್ರ ನಂದೇ ಇರ್ಬೇಕು ಅಂದ್ಕೊಂಡೆ, ಭಾಯ್."

ಹುಡುಗರನ್ನು ಇಲ್ಲಿಗೆ ಕಳಿಸಬೇಕೆಂದಿರುವ ಕಮಲಾಪುರದವರೇ, ಕಳಿಸಿರಿ. ಈ ಊರು ಅನ್ನ ಕೊಡುತ್ತದೆ. ಆದರೆ ಹೇಳಿ ಕಳಿಸಿರಿ: ತೊಗರಿಯ ದರ ಶಲ್ಯದಡಿ ಇರಲಿ, ಕೂಡಿ ಬಾಳುವವರ ಪಾಳಿಯನ್ನು ಬಾಳೆಗೊನೆ ಮಾರಿದಂತೆ ಕೂಗಿ ಹೇಳಬೇಕು.

ದಾರಿ ತೆರೆದ ಮೇಲೆ ನಾನು ಊರಿಗೆ ಬಂದಾಗ "ಹುಡುಗರನ್ನ ಕಾಯ್ದಾಂವ ಬಂದ" ಎಂದು ಕಟ್ಟೆಯ ಮೇಲೆ ನನಗೆ ಜಾಗ ಬಿಟ್ಟಿರಿ. ಅದು ನನ್ನ ಜಾಗವಲ್ಲವೆಂದು ನನಗಷ್ಟೇ ಗೊತ್ತಿತ್ತು. ಕೂರಲಾರದೆ ಬೇಗನೆ ಗಾಡಿ ಹತ್ತಿದೆ. ಈಗ ಗಂಜಿನಲ್ಲಿ ಖಾಜಾ ಚೀಲ ತಂದಾಗ ರೂಢಿಯಂತೆ ಶಲ್ಯ ಚಾಚುತ್ತೇನೆ.

"ಬಾಯಿಲೇ ಹೇಳ್ರಿ ಸಾವುಕಾರ್ರ, ಎಲ್ಲಾರೂ ಕೇಳ್ಲಿ," ಅನ್ನುತ್ತಾನೆ, ಒಮ್ಮೆ ಭಾಯ್ ಅಂದವನು, ಕೈ ಕಟ್ಟಿಕೊಂಡು.

ಶಲ್ಯದಡಿ ನನ್ನದೊಂದೇ ಕೈ ಉಳಿಯುತ್ತದೆ.